ಟ್ರಂಕಿನಲ್ಲಿ ಸಿಕ್ಕ ಕೆಂಪು ನೋಟು

ಪತ್ರ: ನಮ್ಮ ತಂದೆ 1962ರಲ್ಲಿ ಮುಂಬಯಿಯಿಂದ ಹಡಗು ಹತ್ತಿ ದುಬೈಗೆ ಹೋಗಿ ಹೊಲಿಗೆ ಕೆಲಸ ಮಾಡಿದವರು. ಈಚೆಗೆ ಅವರ ಟ್ರಂಕಿನಲ್ಲಿ ಕೆಂಪು ಬಣ್ಣದ ಹತ್ತು ರೂಪಾಯಿ ನೋಟೊಂದು ಸಿಕ್ಕಿತು. ನಂಬರಿನ ಹಿಂದೆ ‘ಝಡ್’ ಅಕ್ಷರ ಇದೆ. ಬ್ಯಾಂಕಿನಲ್ಲಿ ತೋರಿಸಿದರೆ ಡುಪ್ಲಿಕೇಟ್ ಎಂದು ನಕ್ಕರು. ನಿಜವೇ? ಸ್ವಾತಂತ್ರ್ಯ ಬಂದಾಗ ಒಂದು ಡಾಲರಿಗೆ ಒಂದೇ ರೂಪಾಯಿ ಇತ್ತಂತೆ. ಈಗ ದುಬೈನ ಒಂದು ದಿರ್ಹಮಿಗೇ ಇಪ್ಪತ್ತು ರೂಪಾಯಿ ದಾಟಿದೆ. ನಮ್ಮ ರೂಪಾಯಿಯ ಮಾನ ಹೀಗೇಕೆ ಹೋಯಿತು?
– ಓದುಗರೊಬ್ಬರು, ಭಟ್ಕಳ

ಉತ್ತರ: ನೀವು ಬರೆದ ಹಾಗೇ ಇದ್ದರೆ ಆ ನೋಟು ಖೋಟಾ ಅಲ್ಲ ಮಾರಾಯರೇ. ನಕ್ಕವರು ಅಂಥದ್ದನ್ನು ಕಂಡಿರಲಿಲ್ಲ, ಅಷ್ಟೇ. ಅದು ನಮ್ಮ ರಿಸರ್ವ್ ಬ್ಯಾಂಕೇ ಅಚ್ಚು ಹಾಕಿಸಿದ ‘ಗಲ್ಫ್ ರೂಪಾಯಿ’. ಕೊಲ್ಲಿ ನಾಡುಗಳಲ್ಲಿ ಮಾತ್ರ ಚಲಾವಣೆ, ಇಲ್ಲಿ ನಡೆಯುತ್ತಿರಲಿಲ್ಲ. ಗುರುತು ಸಿಗಲೆಂದು ಬಣ್ಣ ಬೇರೆ, ನಂಬರಿಗೆ ‘ಝಡ್’.

ಇದರ ಹಿಂದಿನ ಕಥೆ ನಿಮ್ಮ ಕಡಲಿಗೆ ಹೊಸದಲ್ಲ. ಬ್ರಿಟಿಷರ ಕಾಲದಿಂದ ಕುವೈತ್, ಬಹ್ರೇನ್, ಕತಾರ್, ದುಬೈ ಎಲ್ಲ ಕಡೆ ನಮ್ಮ ರೂಪಾಯಿಯೇ ನಡೆಯುತ್ತಿತ್ತು. ಐವತ್ತರ ದಶಕದಲ್ಲಿ ಚಿನ್ನ ಹೊರಗೆ ಅಗ್ಗ, ಇಲ್ಲಿ ತುಟ್ಟಿ. ಚಿನ್ನ ಕದ್ದು ಈಚೆ ಬರುತ್ತಿತ್ತು, ನೋಟಿನ ಕಟ್ಟು ಆಚೆ ಹೋಗುತ್ತಿತ್ತು. ಅಲ್ಲಿನ ಬ್ಯಾಂಕುಗಳು ಆ ನೋಟುಗಳನ್ನು ಮರಳಿಸಿ ಪೌಂಡು ಕೇಳಿದರೆ ನಾವು ಕೊಡಲೇಬೇಕು. ಅಂದರೆ ಕಳ್ಳಚಿನ್ನದ ಬಿಲ್ಲು ಸರಕಾರವೇ ತುಂಬಿದಂತೆ! ಅದನ್ನು ನಿಲ್ಲಿಸಲು 1959ರಲ್ಲಿ ಅಲ್ಲಿಗೇ ಬೇರೆ ನೋಟು ಮಾಡಿದರು. (ಆ ಚಿನ್ನ ಹೊತ್ತು ತಂದ ಮಚವೆ ಎಂಬ ಹಾಯಿದೋಣಿಗಳ ಕಥೆ ಹೇಳುವಾಗ ಕರಾವಳಿಯ ಹಿರಿಯರು ದನಿ ತಗ್ಗಿಸುತ್ತಾರೆ. ನಾನೂ ತಗ್ಗಿಸುತ್ತೇನೆ.)

ಇನ್ನು ಮಾನದ ಪ್ರಶ್ನೆ. ಡಾಲರಿಗೆ ಒಂದು ರೂಪಾಯಿ ಎನ್ನುವುದು ಪ್ರತಿ ಆಗಸ್ಟಿನಲ್ಲಿ ನನ್ನ ಮೊಬೈಲಿಗೂ ಬರುತ್ತದೆ. ಕಳಿಸುವವರಲ್ಲಿ ಇಬ್ಬರು ನಿವೃತ್ತ ಮಾಸ್ತರರು, ಅದೇ ನನಗೆ ನೋವು. 1927ರಲ್ಲಿ ರೂಪಾಯಿಯನ್ನು ಒಂದು ಶಿಲ್ಲಿಂಗ್ ಆರು ಪೆನ್ಸಿಗೆ, ಅಂದರೆ 18 ಪೆನ್ಸಿಗೆ ಕಟ್ಟಿದ್ದರು, 1947ರಲ್ಲೂ ಅದೇ ದರ. ಪೌಂಡಿಗೆ 240 ಪೆನ್ಸು, ನಮ್ಮ ರೂಪಾಯಿಗೆ 18. ಭಾಗಿಸಿ ನೋಡಿ, ಪೌಂಡಿಗೆ 13.33 ರೂಪಾಯಿ. ಆಗ ಒಂದು ಪೌಂಡಿಗೆ 4.03 ಡಾಲರ್. ಇನ್ನೊಮ್ಮೆ ಭಾಗಿಸಿ. ಡಾಲರಿಗೆ ಮೂರು ರೂಪಾಯಿ ಮೂವತ್ತು ಪೈಸೆಯ ಆಸುಪಾಸು ಬರುತ್ತದೆ. 1949ರ ಸೆಪ್ಟೆಂಬರಿನಲ್ಲಿ ಪೌಂಡಿನ ಜೊತೆ ನಾವೂ ಇಳಿದು 4.76ಕ್ಕೆ ಬಂದೆವು.

ಈ 4.76 ನೆನಪಿಡಿ. ನಿಮ್ಮ ತಂದೆ ದುಬೈಯಲ್ಲಿ ಪಗಾರ ಎಣಿಸಿಕೊಂಡದ್ದು ಇದೇ ದರದ ರೂಪಾಯಿಯಲ್ಲಿ. 1962 ಮತ್ತು 1965ರ ಯುದ್ಧ, ಮೇಲಿಂದ ಬರಗಾಲ, ನಿಂತ ಅಮೆರಿಕದ ನೆರವು. ಒಳಗೆ ಬೆಲೆ ಏರುತ್ತಿತ್ತು, ಹೊರಗಿನ ದರ ಮಾತ್ರ ಅಲ್ಲೇ. ಶಿರಸಿಯ ಮಂಡಿಯಲ್ಲಿ ಚಾಲಿ ಅಡಿಕೆಗೆ ಬೋರ್ಡಿನ ಮೇಲೆ ಒಂದು ದರ ಬರೆದು, ಆ ದರಕ್ಕೆ ಕೊಳ್ಳುವವರೇ ಇಲ್ಲದಿದ್ದರೆ ಅದನ್ನು ದರ ಅಂತೀರಾ? 1966ರ ಜೂನ್ 6ರಂದು ಸರಕಾರ ಬೋರ್ಡು ಅಳಿಸಿ 7.50 ಎಂದು ಬರೆಯಿತು.

ನಮ್ಮ ರೂಪಾಯಿ ಇಳಿದರೆ ಗಲ್ಫ್ ರೂಪಾಯಿಯೂ ಇಳಿದಂತೆ. ಕೊಲ್ಲಿಯವರಿಗೆ ಅದು ತಮ್ಮದಲ್ಲದ ಬರ, ತಮ್ಮದಲ್ಲದ ಯುದ್ಧ. ಕುವೈತ್ 1961ರಲ್ಲೇ, ಬಹ್ರೇನ್ 1965ರಲ್ಲೇ ಸ್ವಂತ ದಿನಾರ್ ಮಾಡಿಕೊಂಡಿದ್ದವು. 1966ರಲ್ಲಿ ಕತಾರ್ ಮತ್ತು ದುಬೈ ಸೇರಿ ರಿಯಾಲ್ ತಂದವು. ಅದರ ಬೆಲೆಗೆ ಗೊತ್ತುಮಾಡಿದ ಚಿನ್ನದ ತೂಕ 0.186621 ಗ್ರಾಂ, ಇಳಿಯುವ ಮೊದಲಿನ ನಮ್ಮ ರೂಪಾಯಿಯದೇ ತೂಕ, ಗುಲಗಂಜಿಯಷ್ಟೂ ಹೆಚ್ಚುಕಡಿಮೆ ಇಲ್ಲ. 1973ರಲ್ಲಿ ದಿರ್ಹಮ್ ಬಂದದ್ದು ಆ ರಿಯಾಲಿನ ಜಾಗಕ್ಕೆ, ಒಂದಕ್ಕೆ ಒಂದರಂತೆ. ಅಷ್ಟರಲ್ಲಿ ಡಾಲರೇ ಎರಡು ಸಲ ಇಳಿದಿತ್ತು. ಈಗ ಡಾಲರಿಗೆ 3.67 ದಿರ್ಹಮ್, ಗಟ್ಟಿಯಾಗಿ ಕಟ್ಟಿಟ್ಟಿದ್ದಾರೆ. ನಿಮ್ಮ ತಂದೆಯ ಜೇಬಿನ ರೂಪಾಯಿಯೇ ಅಲ್ಲಿ ಹೆಸರು ಬದಲಿಸಿ ಉಳಿದುಕೊಂಡಿತು, ಇಲ್ಲಿ ಹೆಸರು ಉಳಿಸಿಕೊಂಡು ಸವೆಯಿತು.

ಸವೆದದ್ದು ಖುಷಿಯ ಸಂಗತಿ ಎನ್ನುವುದಿಲ್ಲ. ಪೆಟ್ರೋಲು ತುಟ್ಟಿಯಾಗುತ್ತದೆ, ಮಕ್ಕಳನ್ನು ಹೊರದೇಶಕ್ಕೆ ಓದಲು ಕಳಿಸಿದವರ ನಿದ್ದೆ ಹೋಗುತ್ತದೆ, ಒಪ್ಪಿದೆ. ಆದರೆ ಮಾನ ಎಂಬ ಶಬ್ದ ಇಲ್ಲಿ ಬೇಡ. ಒಂದು ರೂಪಾಯಿ ಕೊಟ್ಟರೆ ಒಂದಕ್ಕಿಂತ ಹೆಚ್ಚು ಜಪಾನಿ ಯೆನ್ ಬರುತ್ತದೆ. ಹಾಗೆಂದು ಜಪಾನಿನವರು ನಮಗಿಂತ ಬಡವರಾದರೇ? ದರ ಕಟ್ಟಿಡಲು ಎಣ್ಣೆ ಬಾವಿ ಇರಬೇಕು, ಅಮೆರಿಕ ಬಡ್ಡಿ ಏರಿಸಿದಾಗ ಸುಮ್ಮನೆ ತಾನೂ ಏರಿಸುವ ತಯಾರಿ ಇರಬೇಕು. ನಮ್ಮಂಥ ದೊಡ್ಡ ಸಂಸಾರ ಹಟ ಹಿಡಿದು ದರ ಕಾಯುತ್ತ ಕೂತರೆ ಏನಾಗುತ್ತದೆ ಎಂದು 1991ರಲ್ಲಿ ಕಂಡೆವಲ್ಲ. ಜುಲೈನಲ್ಲಿ ಮೂರೇ ದಿನದೊಳಗೆ ಎರಡು ಸಲ ರೂಪಾಯಿ ಇಳಿಸಬೇಕಾಯಿತು, ಅದರ ಬೆನ್ನಿಗೇ ಚಿನ್ನ ವಿಮಾನದಲ್ಲಿ ಲಂಡನ್ನಿಗೆ ಹೋಯಿತು. ಇನ್ನೊಂದು ಮಾತು ಬೇಸರಿಸದೆ ಕೇಳಿ: ನಿಮ್ಮೂರಿನಲ್ಲಿ ದಿರ್ಹಮಿನಿಂದ ಎದ್ದ ಮನೆಗಳಿಗೆ ಪ್ರತಿ ಮಹಡಿಗೂ ಈ ಇಳಿದ ರೂಪಾಯಿ ಕಲ್ಲು ಹೊತ್ತಿದೆ.

ನನ್ನ ಸಿಟ್ಟು ದರದ ಮೇಲಲ್ಲ, ನಮ್ಮ ಮರೆವಿನ ಮೇಲೆ. ನಮ್ಮ ಮನೆಯ ಅಟ್ಟದಲ್ಲಿ ಅಜ್ಜನ ಕಿರ್ದಿ ಪುಸ್ತಕಗಳು ಒಂದು ಮೂಟೆ ಇದ್ದವು, ಕೆಂಪು ಬಟ್ಟೆಯ ರಟ್ಟು, ಹೊಗೆ ವಾಸನೆ. ಅಡಿಕೆ ತೂಕ, ಆಳಿನ ಕೂಲಿ, ಸೀಮೆಎಣ್ಣೆ ಡಬ್ಬಿಯ ಬೆಲೆ, ಎಲ್ಲ ಅದರಲ್ಲಿ. ರೂಪಾಯಿಗೆ ಏನು ಬರುತ್ತಿತ್ತು ಎಂದು ಹೇಳುವ ಸಾಕ್ಷಿ ಅದು. ಅರ್ಧದಷ್ಟು ಪುಟಗಳನ್ನು ಹರಿದು ಮಳೆಗಾಲದ ದೋಣಿ ಮಾಡಿದವ ನಾನೇ. ಉಳಿದರ್ಧ ಕಿಲೋ ಲೆಕ್ಕದಲ್ಲಿ ರದ್ದಿಗೆ ಹೋಯಿತು. ಸೀಮೆಯ ಮನೆಮನೆಯಲ್ಲೂ ಇದೇ ಆಗಿದೆ. ಲೆಕ್ಕ ಮಾರಿಕೊಂಡವರು ಈಗ ಫಾರ್ವರ್ಡ್ ನಂಬುತ್ತೇವೆ.

ಹಾಗಾಗಿ ಆ ಟ್ರಂಕನ್ನು ಇನ್ನೊಮ್ಮೆ ತಳದವರೆಗೆ ಹುಡುಕಿ. ಪಗಾರದ ಚೀಟಿ, ಮನಿಯಾರ್ಡರಿನ ರಸೀದಿ, ಹೊಲಿಗೆಯ ಅಳತೆ ಪುಸ್ತಕ, ಏನಿದ್ದರೂ ಫೋಟೊ ತೆಗೆದು ಕಳಿಸಿ, ಅಚ್ಚು ಹಾಕುತ್ತೇನೆ. ನೋಟಿಗೆ ಇಸ್ತ್ರಿ ಹಾಕಬೇಡಿ, ಲ್ಯಾಮಿನೇಶನ್ ಅಂತೂ ಬೇಡವೇ ಬೇಡ.
– ಸಂ.