ಬಂಡೆ ಎಷ್ಟು ಹಳೆಯದು ಎಂದು ಕೇಳಿದ ಹುಡುಗಿ

ದಾವಣಗೆರೆಯ ನನ್ನ ಆಪ್ತಸಮಾಲೋಚನೆಯ ಕೋಣೆಗೆ ಅವರು ಬಂದದ್ದು ನಿದ್ದೆ ಬರುವುದಿಲ್ಲ ಅಂತ. ವಯಸ್ಸು 27. ಚಿತ್ರದುರ್ಗದ ಕಡೆ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಭಾನುವಾರ ಚರ್ಚಿನ ಮಕ್ಕಳಿಗೆ ಬೈಬಲ್ ಹೇಳಿಕೊಡುವ ಸಂಡೇ ಸ್ಕೂಲ್ ನಡೆಸುತ್ತಾರೆ. ತಂದೆ ಹಳ್ಳಿಯ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಬಹಳ ವರ್ಷ ಉಪದೇಶಿಯಾಗಿದ್ದವರು. (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಮೊದಲ ಭೇಟಿ ಬರೀ ನಿದ್ದೆ, ಟೀ, ಮೊಬೈಲಿನ ಮಾತಲ್ಲೇ ಮುಗಿಯಿತು. ಎರಡನೇ ಸಲ ವಿಷಯ ಹೊರಗೆ ಬಂತು.

ಸಂಡೇ ಸ್ಕೂಲಿನ ಮಕ್ಕಳನ್ನು ಕೋಟೆ ನೋಡಲು ಕರೆದುಕೊಂಡು ಹೋಗಿದ್ದರಂತೆ. ಒಬ್ಬಳು ಹುಡುಗಿ ಬಂಡೆಯ ಮೇಲೆ ಅಂಗೈ ಊರಿ, "ಅಣ್ಣಾ, ಇದು ಎಷ್ಟು ಹಳೇದು?" ಎಂದಳು. ಆ ಕಡೆಯ ಬಂಡೆಗಳಿಗೆ ಸುಮಾರು 250 ಕೋಟಿ ವರ್ಷ. ಇವರಿಗೆ ಗೊತ್ತು. ಆದರೆ ಪಕ್ಕದಲ್ಲೇ, ಭೂಮಿಗೆ ಆರೇ ಸಾವಿರ ವರ್ಷ ಎಂದು ನಂಬುವ ಸಭೆಯ ಹಿರಿಯರೊಬ್ಬರು ನಿಂತಿದ್ದರು. ಇವರು "ದೇವರು ಮಾಡಿದ್ದಮ್ಮ" ಅಂದುಬಿಟ್ಟು ಮುಂದೆ ನಡೆದರು.

"ಸುಳ್ಳು ಹೇಳಲಿಲ್ಲ ಮೇಡಂ, ಆದ್ರೂ ಸುಳ್ಳು ಹೇಳಿದ ಹಾಗೆ ಆಯ್ತು" ಅಂದರು. ಕೈಯಲ್ಲಿದ್ದ ಬಸ್ ಟಿಕೆಟ್ ಮಡಚಿ ಮಡಚಿ ಕಾಳಿನಷ್ಟಾಗಿತ್ತು.

ನಾನು ಹೇಳಿದ್ದು ಇಷ್ಟು. ಆ ಮಗು ಕೇಳಿದ್ದು "ಎಷ್ಟು ಹಳೇದು" ಅಂತ. ನೀವು ಕೊಟ್ಟದ್ದು "ಯಾರದ್ದು" ಎನ್ನುವುದಕ್ಕೆ ಉತ್ತರ. ನೀವು ಎರಡನ್ನೂ ನಂಬುತ್ತೀರಿ. ಹಾಗಿದ್ದ ಮೇಲೆ ಒಂದನ್ನು ಯಾಕೆ ನುಂಗಬೇಕಿತ್ತು? ಭೂಮಿಗೆ ಆರು ಸಾವಿರ ವರ್ಷ ಅಂತ ಬೈಬಲಿನಲ್ಲಿ ಎಲ್ಲೂ ಬರೆದಿಲ್ಲ. ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಷರ್ 1650ರಲ್ಲಿ ಬೈಬಲಿನ ವಂಶಾವಳಿಗಳನ್ನು ಕೂಡಿ, ಸೃಷ್ಟಿಯಾದದ್ದು ಕ್ರಿ.ಪೂ. 4004ರಲ್ಲಿ ಎಂದು ಲೆಕ್ಕ ಹಾಕಿದರು. ಅವರಿಗಿಂತ ಸಾವಿರ ವರ್ಷಕ್ಕೂ ಹಿಂದೆಯೇ ಕ್ರೈಸ್ತ ಪಂಡಿತ ಸಂತ ಆಗಸ್ಟೀನ್, ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ ಸೃಷ್ಟಿಯ ದಿನಗಳು ನಮ್ಮ ದಿನಗಳಂತೆಯೇ ಇರಬೇಕಿಲ್ಲ ಎಂದಿದ್ದರು. ಭೂಮಿ, ಆಕಾಶದ ಬಗ್ಗೆ ಕ್ರೈಸ್ತರು ತಿಳಿಯದೆ ಮಾತಾಡಿದರೆ ಕೇಳಿದವರು ನಗುತ್ತಾರೆ ಅಂತ ಎಚ್ಚರಿಕೆಯನ್ನೂ ಕೊಟ್ಟಿದ್ದರು.

ನೀವು ಪಾಠ ಮಾಡುವ, ಬಟಾಣಿ ಗಿಡದಲ್ಲಿ ಆನುವಂಶಿಕತೆಯ ನಿಯಮ ಕಂಡ ಮೆಂಡೆಲ್ ಕೂಡ ಕ್ರೈಸ್ತ ಮಠದ ಸನ್ಯಾಸಿ ಅಲ್ವಾ, ಅಂದೆ. "ಗೊತ್ತು ಮೇಡಂ. ಅದರಿಂದ ನಿದ್ದೆ ಬರಲಿಲ್ಲ." ನಿಜ. ಸನ್ಯಾಸಿಯೊಬ್ಬ ಬಟಾಣಿ ಬೆಳೆದ ಮಾತ್ರಕ್ಕೆ ನಂಬಿಕೆ ಸರಿ ಎಂದಾಗುವುದಿಲ್ಲ. ಅವರ ಭಯ ಬೇರೆಯೇ ಇತ್ತು. ಬಂಡೆಯ ಲೆಕ್ಕ ಬಿಡಿ, ಯೇಸು ಸತ್ತು ಎದ್ದದ್ದು ನಿಜವೇ ಎನ್ನುವ ಪ್ರಶ್ನೆ ರಾತ್ರಿ ಏಳುತ್ತಿತ್ತು. ಅದು ಅಪ್ಪನಿಗೆ ಗೊತ್ತಾದರೆ? ಅಲ್ಲಿಗೆ ಬಂದಾಗ ಅತ್ತರು.

ನಂಬಿಸುವುದು ನನ್ನ ಕೆಲಸವಲ್ಲ, ನಂಬಿಕೆ ಬಿಡಿಸುವುದೂ ಅಲ್ಲ. ಆದರೆ ಪ್ರಶ್ನೆಯ ಜೊತೆ ಒಬ್ಬರೇ ಇರಬೇಡಿ ಅಂತ ಗಟ್ಟಿಯಾಗಿ ಹೇಳಿದೆ. ರಾತ್ರಿ ಹತ್ತರ ಮೇಲೆ ಯಾವುದನ್ನೂ ತೀರ್ಮಾನ ಮಾಡಬೇಡಿ. ಎದ್ದ ಪ್ರಶ್ನೆಯನ್ನು ನೋಟ್ ಪುಸ್ತಕದಲ್ಲಿ ಬರೆದು ಮಲಗಿ. ಮಕ್ಕಳಿಗೆ ಗೊತ್ತಿದ್ದದ್ದನ್ನು ಹೇಳಿ, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನಿ. ಅಪ್ಪನ ಹತ್ತಿರ ವಾದಕ್ಕೆ ಕೂರಬೇಡಿ, ಹೆದರಿಕೆ ಆಗ್ತಿದೆ ಅಂತ ಹೇಳಿ. ಯೇಸುವಿನ ಶಿಷ್ಯ ತೋಮನ ಕಥೆಯನ್ನೂ ನೆನಪಿಸಿದೆ. ಯೇಸು ಎದ್ದದ್ದನ್ನು ಗಾಯ ಮುಟ್ಟದೆ ನಂಬೆನು ಎಂದವನನ್ನು ಯೇಸು ಓಡಿಸಲಿಲ್ಲ.

"ಕಾಣದೆ ನಂಬಿದವರು ಧನ್ಯರು ಅಂತ ಮುಂದೆ ಇದೆಯಲ್ಲ ಮೇಡಂ?" ಮೇಷ್ಟ್ರು ಬಿಡಲಿಲ್ಲ. ನನಗೆ ಖುಷಿಯಾಯಿತು. ಇದೆ, ಆದರೆ ಆ ಮಾತು ಬಂದದ್ದು ಗಾಯ ತೋರಿಸಿದ ಮೇಲೆ, ಅಂದೆ. ಅವರು ತುಂಬಾ ಹೊತ್ತು ಸುಮ್ಮನೆ ಕೂತರು.

ಮೂರು ವಾರದ ಮೇಲೆ ಅಪ್ಪನಿಗೆ ಹೇಳಿದರಂತೆ, ಹಿತ್ತಲಲ್ಲಿ ಬಾಳೆಗೆ ನೀರು ಬಿಡುವಾಗ. ಅಪ್ಪ ಪೈಪನ್ನು ಇನ್ನೊಂದು ಬುಡಕ್ಕೆ ಸರಿಸಿದರು. ಉತ್ತರ ಕೊಡಲಿಲ್ಲ. ಆಮೇಲೆ, "ಭಾನುವಾರ ಬರ್ತೀಯಲ್ಲ?" ಅಂದರು.

"ಬರ್ತೀನಿ ಅಂದೆ ಮೇಡಂ."

ಈಗ ಐದಾರು ಗಂಟೆ ನಿದ್ದೆ ಬರುತ್ತಿದೆ. ಹುಡುಗಿಗೆ ಬಂಡೆಯ ವಯಸ್ಸು ಹೇಳಿಯಾಗಿದೆ. ಯೇಸು ಎದ್ದದ್ದು ನಿಜವೇ ಎನ್ನುವುದು ನೋಟ್ ಪುಸ್ತಕದ ಮೊದಲ ಪುಟದಲ್ಲಿದೆ, ಕೆಳಗೆ ಜಾಗ ಬಿಟ್ಟಿದ್ದಾರೆ. ಹದಿನೈದು ದಿನ ಬಿಟ್ಟು ಮತ್ತೆ ಬರುತ್ತಾರೆ.