ಅಲೆ ಒಡೆಯದ ಜಾಗದಲ್ಲಿ ಮಗುವನ್ನು ಇಳಿಸಬೇಡಿ

ಪ್ರಶ್ನೆ: ನಮ್ಮದು ವಿರಾಜಪೇಟೆ ಬಳಿಯ ಕಾಫಿ ತೋಟ. ಏಳು ವರ್ಷದ ಮಗ, ನಾಲ್ಕು ವರ್ಷದ ಮಗಳು ಇನ್ನೂ ಸಮುದ್ರ ನೋಡಿಲ್ಲ. ಅರೇಬಿಕಾ ಕೊಯ್ಲು ಮುಗಿದು ರೊಬಸ್ಟಾ ಕೆಲಸ ಬಿರುಸಾಗುವ ಮೊದಲು, ಜನವರಿಯ ಒಂದು ಭಾನುವಾರ ಅಣ್ಣತಮ್ಮಂದಿರ ಕುಟುಂಬಗಳೆಲ್ಲ ಸೇರಿ ಕಣ್ಣೂರಿಗೆ ಹೋಗಬೇಕೆಂದಿದ್ದೇವೆ. ಮಗ ತೋಟದ ಕೆರೆಯಲ್ಲಿ ಚೆನ್ನಾಗಿ ಈಜುತ್ತಾನೆ, ಅವನ ಚಿಂತೆಯಿಲ್ಲ. ಮಗಳಿಗೆ ಘಟ್ಟ ಇಳಿಯುವಾಗ ವಾಂತಿಯಾಗುತ್ತದೆ. ಯಾವ ಕಡಲತೀರ ಒಳ್ಳೆಯದು? ಸೂರ್ಯಾಸ್ತ ನೋಡಿಕೊಂಡು ಅಂದೇ ಮರಳಬಹುದೇ?

ಉತ್ತರ: ನಿಮಗೆ ಚಿಂತೆಯಿಲ್ಲದ ಮಗನಿಂದಲೇ ಆರಂಭಿಸುತ್ತೇನೆ, ಏಕೆಂದರೆ ನನಗೆ ಹೆಚ್ಚು ಚಿಂತೆ ಅವನದೇ. ತಂಗಿ ಮೊದಲ ಅಲೆಗೇ ಹೆದರಿ ನಿಮ್ಮ ಕಾಲನ್ನು ತಬ್ಬಿಕೊಳ್ಳುತ್ತಾಳೆ. ಈಜು ಬಲ್ಲೆನೆಂಬ ಧೈರ್ಯವಿರುವ ಹುಡುಗ ನೇರವಾಗಿ ಮುಂದೆ ಹೋಗುತ್ತಾನೆ. ಕೆರೆಯ ನೀರು ನಿಂತಲ್ಲೇ ನಿಂತಿರುತ್ತದೆ. ಸುಸ್ತಾದರೆ ದಡ ಎಲ್ಲಿದೆಯೋ ಅಲ್ಲೇ ಇರುತ್ತದೆ. ಸಮುದ್ರದಲ್ಲಿ ಹಾಗಿಲ್ಲ. ಅಲೆಗಳು ದಡಕ್ಕೆ ತಂದು ಸುರಿದ ನೀರು ಎಲ್ಲಾದರೂ ಹಿಂದಕ್ಕೆ ಹೋಗಲೇಬೇಕು. ಗದ್ದೆಯ ಬದುವಿನಲ್ಲಿ ಒಂದು ಕಂಡಿ ಬಿಟ್ಟರೆ ನೀರೆಲ್ಲ ಅಲ್ಲಿಗೇ ನುಗ್ಗುವಂತೆ, ಮರಳದಿಣ್ಣೆಗಳ ನಡುವಿನ ತಗ್ಗಿನಲ್ಲಿ ಅದು ಸೆಳೆತವಾಗಿ ಹೊರಗೆ ಹರಿಯುತ್ತದೆ.

ಇದರಲ್ಲಿ ತಂದೆತಾಯಿಯರು ಮೋಸಹೋಗುವ ಸಂಗತಿಯೊಂದಿದೆ. ಸೆಳೆತವಿರುವ ಕಡೆ ನೀರು ಆಳವಾಗಿರುವುದರಿಂದ ಅಲ್ಲಿ ಅಲೆ ಸಾಮಾನ್ಯವಾಗಿ ಒಡೆಯುವುದಿಲ್ಲ. ಎರಡೂ ಬದಿಯಲ್ಲಿ ಬಿಳಿ ನೊರೆ ಏಳುತ್ತಿರುವಾಗ ನಡುವಿನ ಆ ಪಟ್ಟಿ ಶಾಂತವಾಗಿ, ಸ್ವಲ್ಪ ಕಪ್ಪಾಗಿ ಕಾಣುತ್ತದೆ. ಚಿಕ್ಕ ಮಕ್ಕಳಿಗೆ ಇದೇ ಸರಿಯಾದ ಜಾಗವೆಂದು ಅಲ್ಲಿಗೇ ಕರೆದೊಯ್ಯುವವರನ್ನು ನಾನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಚಪ್ಪಲಿ ಬಿಚ್ಚುವ ಮೊದಲು ಹತ್ತು ನಿಮಿಷ ನಿಂತು ನೀರನ್ನು ನೋಡಿ. ನೊರೆ, ಕಸ, ಕೆಂಪು ಮರಳು ಯಾವ ಕಡೆ ಹೊರಗೆ ಸಾಗುತ್ತಿದೆಯೋ ಅಲ್ಲಿಂದ ದೂರವಿರಿ. ಅಲ್ಲಿಯ ಮೀನುಗಾರರನ್ನು ಅಥವಾ ಜೀವರಕ್ಷಕರನ್ನು ಕೇಳಿ. ಅವರಿಗೆ ಆ ದಿನದ ನೀರು ಗೊತ್ತಿರುತ್ತದೆ. ದೊಡ್ಡವರು ಸೆಳೆತಕ್ಕೆ ಸಿಕ್ಕರೆ ದಡದತ್ತ ಎದುರೀಜದೆ, ದಡಕ್ಕೆ ಸಮಾನಾಂತರವಾಗಿ ಈಜಿ ಅದರಿಂದ ಹೊರಬರಬೇಕು. ಏಳು ವರ್ಷದವನಿಂದ ಆ ಸಮಾಧಾನವನ್ನು ನಿರೀಕ್ಷಿಸುವಂತಿಲ್ಲ. ಹಾಗಾಗಿ ಇಬ್ಬರೂ ಮಕ್ಕಳಿಗೆ ನೀರು ಮೊಣಕಾಲಿನ ಮಟ್ಟ ಮೀರಬಾರದು, ನಿಮ್ಮ ಕೈ ಚಾಚಿದರೆ ಸಿಗುವ ದೂರ ಮೀರಬಾರದು. ಗಾಳಿ ತುಂಬಿದ ಟ್ಯೂಬ್ ಬೇಡವೇ ಬೇಡ. ಬೆಳಗಿನ ಹೊತ್ತು ನಮ್ಮ ಕರಾವಳಿಯಲ್ಲಿ ಗಾಳಿ ನೆಲದಿಂದ ಸಮುದ್ರದ ಕಡೆಗೆ ಬೀಸುತ್ತದೆ. ಟ್ಯೂಬನ್ನು ಮಗುವಿನ ಸಮೇತ ಹೊರಕ್ಕೆ ತಳ್ಳುತ್ತದೆ.

ಇನ್ನು, ಕುಟುಂಬಗಳೆಲ್ಲ ಸೇರಿ ಹೋಗುತ್ತೇವೆ ಎಂದಿದ್ದೀರಿ. ಜನ ಹೆಚ್ಚಿದ್ದರೆ ಮಕ್ಕಳು ಹೆಚ್ಚು ಸುರಕ್ಷಿತ ಎಂದು ತೋರುತ್ತದೆ. ನಿಜದಲ್ಲಿ ದೊಡ್ಡಪ್ಪ ನೋಡುತ್ತಿದ್ದಾರೆಂದು ಚಿಕ್ಕಮ್ಮ, ಚಿಕ್ಕಮ್ಮ ನೋಡುತ್ತಿದ್ದಾರೆಂದು ದೊಡ್ಡಪ್ಪ ತಿಳಿದಿರುತ್ತಾರೆ. ಮುಳುಗುವ ಮಗು ಕಿರುಚುವುದಿಲ್ಲ, ಕೈ ಬೀಸುವುದೂ ಇಲ್ಲ. ಅದಕ್ಕೆ ಉಸಿರೇ ಸಾಲದು. ತಲೆ ಹಿಂದಕ್ಕೆ ವಾಲಿ, ಬಾಯಿ ನೀರಿನ ಮಟ್ಟದಲ್ಲಿದ್ದು, ಒಂದು ನಿಮಿಷದೊಳಗೆ ಸದ್ದಿಲ್ಲದೆ ಕೆಳಗಿಳಿಯುತ್ತದೆ. ಆದ್ದರಿಂದ ಕಾವಲನ್ನು ಹೆಸರು ಹಿಡಿದು ಹಂಚಿಕೊಳ್ಳಿ. ಹದಿನೈದು ನಿಮಿಷಕ್ಕೆ ಒಬ್ಬರು, ನೀರಿನ ಅಂಚಿನಲ್ಲೇ ನಿಂತು, ಮೊಬೈಲನ್ನು ಇನ್ನೊಬ್ಬರಿಗೆ ಕೊಟ್ಟು. ಒಂದು ಟೋಪಿಯನ್ನು ಗುರುತಾಗಿ ಇಟ್ಟುಕೊಳ್ಳಿ. ಅದನ್ನು ಮುಂದಿನವರ ಕೈಗೆ ಕೊಡದೆ ಯಾರೂ ಜಾಗ ಬಿಟ್ಟು ಕದಲಬಾರದು. ಮಧ್ಯಾಹ್ನ ಕುಡಿಯುವವರಿದ್ದರೆ ಅವರಿಗೆ ಈ ಕೆಲಸ ಬೇಡ. ಮಕ್ಕಳಿಗೆ ಕಿತ್ತಳೆ, ಹಸಿರು, ಗುಲಾಬಿಯಂಥ ಕಣ್ಣು ಕುಕ್ಕುವ ಬಣ್ಣದ ಬಟ್ಟೆ ಹಾಕಿ. ನೀಲಿ ಬಟ್ಟೆ ನೀರಿನಲ್ಲಿ ಕಾಣುವುದೇ ಇಲ್ಲ. ಮಗು ಕಣ್ಣಿಗೆ ಬೀಳದಿದ್ದರೆ ಅಂಗಡಿ ಸಾಲನ್ನಲ್ಲ, ಮೊದಲು ನೀರನ್ನು ಹುಡುಕಿ.

ತೀರದ ಆಯ್ಕೆಗೆ ಬರೋಣ. ತಲಶ್ಶೇರಿ ಕಡೆಯ ಮುಳಪ್ಪಿಲಂಗಾಡ್ ಸುಮಾರು ನಾಲ್ಕು ಕಿಲೋಮೀಟರ್ ಉದ್ದದ ಗಟ್ಟಿ ಮರಳಿನ ತೀರ, ಆಳ ಕಡಿಮೆ, ಪುಟ್ಟ ಕಾಲುಗಳಿಗೆ ಹೇಳಿ ಮಾಡಿಸಿದಂತಿದೆ. ಆದರೆ ಅದು ಮರಳಿನ ಮೇಲೆಯೇ ವಾಹನ ಓಡಿಸುವುದಕ್ಕೆ ಹೆಸರಾದ ಜಾಗ. ಅಲ್ಲಿ ಬೆನ್ನ ಹಿಂದಿನ ಕಾರನ್ನೂ ನೋಡಿಕೊಳ್ಳಬೇಕು. ಮರಳಲ್ಲಿ ಕುಳಿತು ಆಡುವ ಮಗು ಚಾಲಕನ ಕಣ್ಣಿಗೆ ಬೀಳುವುದಿಲ್ಲ. ಕಣ್ಣೂರಿನ ಪಯ್ಯಾಂಬಲಂನಲ್ಲಿ ಉದ್ಯಾನವಿದೆ, ಊಟ ಶೌಚಾಲಯಗಳು ಹತ್ತಿರ, ಅಲೆ ಮಾತ್ರ ಹೆಚ್ಚು ಬಿರುಸು. ಬೆಳಿಗ್ಗೆ ನೀರಾಟಕ್ಕೆ ಮುಳಪ್ಪಿಲಂಗಾಡ್, ವಾಹನಗಳಿಂದ ದೂರದ ಅಂಚಿನಲ್ಲಿ; ನಂತರ ಮರಳಾಟಕ್ಕಷ್ಟೇ ಪಯ್ಯಾಂಬಲಂ. ಇದು ನನ್ನ ಆಯ್ಕೆ. ಮರಳಿನಲ್ಲಿ ತೋಡುವ ಗುಂಡಿ ಮಗುವಿನ ಮೊಣಕಾಲಿಗಿಂತ ಆಳವಾಗದಿರಲಿ, ಒಣ ಮರಳು ಗೋಡೆಯ ಸಮೇತ ಕುಸಿಯುತ್ತದೆ.

ಬೆಳಿಗ್ಗೆ ಎಂದು ಒತ್ತಿ ಹೇಳಲು ಕಾರಣವಿದೆ. ಪಶ್ಚಿಮ ಕರಾವಳಿಯಲ್ಲಿ ಸೂರ್ಯ ಬೆನ್ನ ಹಿಂದೆ ಹುಟ್ಟುತ್ತಾನೆ. ತೆಂಗು, ಗಾಳಿಮರಗಳ ನೆರಳು ಆಗ ಮರಳಿನ ಮೇಲೇ ಬೀಳುತ್ತದೆ. ಜನವರಿಯಲ್ಲಿ ಸ್ವೆಟರ್ ಹಾಕಿಕೊಂಡು ಹೊರಟ ಮಕ್ಕಳು ಎರಡೂವರೆ ಮೂರು ಗಂಟೆಯಲ್ಲಿ ಮೂವತ್ತು ಡಿಗ್ರಿ ದಾಟಿದ ಬೆವರಿನ ಹವೆಗೆ ಇಳಿದಿರುತ್ತಾರೆ. ಅವರ ಮೈ ಅದಕ್ಕೆ ಒಗ್ಗಿಲ್ಲ. ಹತ್ತೂವರೆಗೆ ನೀರಿನಿಂದ ಎಬ್ಬಿಸಿ, ಊಟ, ನಿದ್ದೆ, ರಾತ್ರಿ ಉಳಿಯುವುದಾದರೆ ನಾಲ್ಕರ ನಂತರ ಮತ್ತೆ ಮರಳು. ಎಳನೀರು, ಮಜ್ಜಿಗೆ, ನೀರು ಕೇಳದಿದ್ದರೂ ಕೊಡುತ್ತಿರಿ. ಮೂತ್ರ ಹೋಗಿ ಬಹಳ ಹೊತ್ತಾಗಿದ್ದರೆ, ಮಗು ಕಾರಣವಿಲ್ಲದೆ ರಚ್ಚೆ ಹಿಡಿದರೆ ಬಿಸಿಲು ಹೆಚ್ಚಾಯಿತೆಂದು ತಿಳಿಯಿರಿ.

ಜನವರಿಯಲ್ಲಿ ಸೂರ್ಯ ಮುಳುಗುವಾಗ ಆರೂಕಾಲು ದಾಟುತ್ತದೆ. ಅಲ್ಲಿಂದ ಇರಿಟ್ಟಿಗೆ ಬಂದು ಮಾಕುಟ್ಟ ಘಟ್ಟ ಹತ್ತುವಷ್ಟರಲ್ಲಿ ರಾತ್ರಿ. ಕಾಡಾನೆ ಓಡಾಡುವ ರಸ್ತೆಯೆಂದು ನಿಮಗೆ ನಾನು ಹೇಳಬೇಕಿಲ್ಲ. ಸೂರ್ಯಾಸ್ತ ಬೇಕೇ ಬೇಕೆಂದಿದ್ದರೆ ಒಂದು ರಾತ್ರಿ ಅಲ್ಲೇ ಉಳಿಯಿರಿ. ಇಲ್ಲವಾದರೆ ಮಧ್ಯಾಹ್ನದ ನಿದ್ದೆ ಮುಗಿಯುತ್ತಲೇ ಹೊರಟುಬಿಡಿ.

ಮಗಳ ವಾಂತಿಗೆ: ಎರಡರಿಂದ ಹನ್ನೆರಡು ವರ್ಷದವರೆಗೆ ಇದು ಸಹಜ. ಹೊರಡುವ ಮೊದಲು ಎರಡು ಇಡ್ಲಿ ಅಥವಾ ಸ್ವಲ್ಪ ನೂಪುಟ್ಟು ಸಾಕು. ಹಾಲು ಬೇಡ, ಹಿಂದಿನ ದಿನದ ಪಂದಿ ಕರಿ ಖಂಡಿತ ಬೇಡ. ಮುಂದಿನ ರಸ್ತೆ ಕಾಣುವಂತೆ ಕೂರಿಸಿ, ಕಿಟಕಿ ತೆರೆಯಿರಿ, ಮೊಬೈಲಿನ ವಿಡಿಯೊ ಕೊಡಬೇಡಿ. ಮಾತ್ರೆ ಬೇಕೆನಿಸಿದರೆ ತೂಕ ನೋಡಿ ವೈದ್ಯರೇ ಬರೆದುಕೊಡಲಿ.

ಪ್ರಶ್ನೆ: ಮಡಿಕೇರಿಯವರು ನಾವು. ಮೇ ತಿಂಗಳ ರಜೆಯಲ್ಲಿ ಮಂಗಳೂರಿಗೆ ಹೋಗುತ್ತೇವೆ. ಹತ್ತು ತಿಂಗಳ ಮಗುವನ್ನು ಸಮುದ್ರಕ್ಕೆ ಒಯ್ಯಬಹುದೇ?

ಉತ್ತರ: ಒಯ್ಯಬಹುದು, ಆದರೆ ತಿಂಗಳ ಮೊದಲ ಭಾಗದಲ್ಲಿ. ಮೇ ಕಳೆಯುತ್ತಿದ್ದಂತೆ ಸಮುದ್ರ ಮಳೆಗಾಲಕ್ಕೆ ಸಜ್ಜಾಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಕರ್ನಾಟಕದಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೇ ನಿಷೇಧವಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ದೂರದ ದಕ್ಷಿಣ ಸಾಗರದಲ್ಲಿ ಎದ್ದ ಉಬ್ಬಲೆಗಳು ಇಲ್ಲಿ ಗಾಳಿಯ ಸುಳಿವೇ ಇಲ್ಲದಿರುವಾಗ ದಡಕ್ಕೆ ನುಗ್ಗುವುದೂ ಉಂಟು. ಸಮುದ್ರದ ಸ್ಥಿತಿಗತಿ ತಿಳಿಸುವ ಹೈದರಾಬಾದಿನ ಸರಕಾರಿ ಸಂಸ್ಥೆ ಇನ್‌ಕಾಯ್ಸ್ ಇದರ ಮುನ್ನೆಚ್ಚರಿಕೆ ನೀಡುತ್ತದೆ, ಹಿಂದಿನ ದಿನ ನೋಡಿಕೊಳ್ಳಿ. ಸೋಮೇಶ್ವರದಲ್ಲಿ ಬಂಡೆಗಳಿವೆ, ಅದನ್ನು ಮೇಲಿನಿಂದ ನೋಡಿದರೆ ಸಾಕು. ಮಗುವಿದ್ದರೆ ಮರಗಳ ನೆರಳಿರುವ ತಣ್ಣೀರುಬಾವಿ ಅಥವಾ ಜೀವರಕ್ಷಕರಿರುವ ಪಣಂಬೂರು ಮೇಲು. ಇನ್ನೂ ಮುಂದೆ ಹೋಗುವ ಮನಸ್ಸಿದ್ದರೆ ಪಡುಬಿದ್ರಿಯ ತೀರ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದಿದೆ.

ಒದ್ದೆ ಮರಳಿನಲ್ಲಿ ಪಾದ ಊರಿಸಿ, ಅಲೆಯ ತುದಿ ಬೆರಳಿಗೆ ತಾಗಲಿ. ಅಷ್ಟೇ ಆ ಮಗುವಿಗೆ ದೊಡ್ಡ ಹಬ್ಬ. ತೆಳು ಹತ್ತಿಯ ತುಂಬುತೋಳಿನ ಅಂಗಿ, ಅಗಲ ಅಂಚಿನ ಟೋಪಿ ಇರಲಿ. ಸಂಪಾಜೆ ಘಟ್ಟ ಇಳಿಯುವಾಗ ಕಿವಿ ಕಟ್ಟಿ ಅಳುತ್ತದೆ, ಆಗ ಎದೆಹಾಲು ಅಥವಾ ನೀರು ಕುಡಿಸಿ. ತೀರದಲ್ಲಿ ನಿದ್ದೆ ಹೋದ ಮಗುವನ್ನು ಕಾರಿನಲ್ಲಿ ಮಲಗಿಸಿ ಬಾಗಿಲು ಹಾಕಿ ಬರಬೇಡಿ, ಐದು ನಿಮಿಷಕ್ಕೂ ಬೇಡ. ಮೇ ತಿಂಗಳ ಬಿಸಿಲಿನಲ್ಲಿ ಮುಚ್ಚಿದ ಕಾರಿನ ಒಳಗಿನ ಶಾಖ ನಿಮಿಷಗಳಲ್ಲೇ ಏರುತ್ತದೆ, ಮಗುವಿನ ಮೈ ದೊಡ್ಡವರಿಗಿಂತ ಬೇಗ ಕಾಯುತ್ತದೆ.