ಮರಿ ಹಠ ಮಾಡುತ್ತಿಲ್ಲ, ಹೆದರಿದೆ

ಪ್ರಶ್ನೆ: ನಮ್ಮದು ಶಿರಸಿ ಹತ್ತಿರದ ಹಳ್ಳಿ, ತೋಟದ ಮನೆ. ಐದು ದಿನದ ಹಿಂದೆ ಕುಮಟಾದ ಅಕ್ಕನ ಮನೆಯಿಂದ ಎರಡು ತಿಂಗಳ ನಾಯಿಮರಿ ತಂದಿದ್ದೇವೆ. ಹಗಲು ಮಕ್ಕಳ ಜೊತೆ ಚೆನ್ನಾಗಿಯೇ ಇರುತ್ತದೆ. ರಾತ್ರಿ ದೀಪ ಆರಿಸಿದ ಕೂಡಲೇ ಕುಂಯ್ ಕುಂಯ್ ಶುರು. ಎರಡು ಗಂಟೆಯಾದರೂ ನಿಲ್ಲುವುದಿಲ್ಲ. ‘ಕೊಟ್ಟಿಗೆಯಲ್ಲಿ ಕಟ್ಟು, ನಾಲ್ಕು ದಿನ ಅತ್ತು ತಾನೇ ಸುಮ್ಮನಾಗುತ್ತದೆ’ ಅಂತ ಅತ್ತೆ ಹೇಳುತ್ತಾರೆ. ನನಗೆ ಮನಸ್ಸು ಬರುತ್ತಿಲ್ಲ. ಜಗಲಿ ತುಂಬ ಉಚ್ಚೆ ಬೇರೆ. ಏನು ಮಾಡಲಿ?

ಉತ್ತರ: ನಿಮ್ಮ ಮನಸ್ಸು ಹೇಳಿದ್ದೇ ಸರಿ ತಂಗಿ. ಕೊಟ್ಟಿಗೆಯಲ್ಲಿ ಕಟ್ಟಬೇಡಿ.

ಕಳೆದ ವಾರದವರೆಗೆ ಆ ಮರಿ ತಾಯಿಯ ಹೊಟ್ಟೆಗೆ ಒತ್ತಿಕೊಂಡು, ಉಳಿದ ಮರಿಗಳ ಮೈಮೇಲೆ ಬಿದ್ದು ಮಲಗುತ್ತಿತ್ತು. ಹುಟ್ಟಿದಾಗಿನಿಂದ ಒಂದು ರಾತ್ರಿಯೂ ಒಂಟಿಯಾಗಿ ಕಳೆದಿಲ್ಲ. ಈಗ ಘಟ್ಟ ಹತ್ತಿ ಬಂದಿದೆ. ಇಲ್ಲಿಯ ವಾಸನೆ ಹೊಸದು, ಜನ ಹೊಸಬರು, ಮಳೆಯ ಚಳಿಯೂ ಹೊಸದು. ಹಗಲು ಮಕ್ಕಳ ಗಲಾಟೆಯಲ್ಲಿ ಮರೆತಿರುತ್ತದೆ. ಕತ್ತಲಾದ ಮೇಲೆ ನೆನಪಾಗುತ್ತದೆ. ಗುಂಪಿನಿಂದ ತಪ್ಪಿಸಿಕೊಂಡ ಮರಿ ತಾಯಿಗೆ ಕೇಳಲಿ ಅಂತ ಕೂಗುತ್ತದೆ, ಅಷ್ಟೇ.

ನಾಲ್ಕು ದಿನದಲ್ಲಿ ಸುಮ್ಮನಾಗುತ್ತದೆ ಎನ್ನುವ ಅತ್ತೆಯವರ ಮಾತು ಸುಳ್ಳಲ್ಲ. ಆದರೆ ಅದು ಧೈರ್ಯ ಬಂದು ಸುಮ್ಮನಾಗುವುದಲ್ಲ. ಕೂಗಿದರೂ ಯಾರೂ ಬರುವುದಿಲ್ಲ ಅಂತ ತಿಳಿದು ಸುಮ್ಮನಾಗುವುದು. ನಾವು ಚಿಕ್ಕವರಿದ್ದಾಗ ನಮ್ಮ ಮನೆಯಲ್ಲೂ ಮರಿಯನ್ನು ಮೊದಲ ದಿನವೇ ಕೊಟ್ಟಿಗೆಯ ಕಂಬಕ್ಕೆ ಕಟ್ಟಿದ್ದೆವು. ಬೆಳಿಗ್ಗೆ ನೋಡಿದರೆ ಎಳೆದೂ ಎಳೆದೂ ಕುತ್ತಿಗೆಯ ಚರ್ಮ ಕಿತ್ತಿತ್ತು. ಆ ನಾಯಿ ಬದುಕಿರುವವರೆಗೂ ಹಗ್ಗ ಕಂಡರೆ ನಡುಗುತ್ತಿತ್ತು. ಇನ್ನೊಂದು ವಿಷಯ ನಿಮ್ಮ ಅತ್ತೆಯವರಿಗೂ ಗೊತ್ತಿರುತ್ತದೆ. ಕಾಡಂಚಿನ ಮನೆಗಳಿಗೆ ಚಿರತೆ ಬರುವುದೇ ನಾಯಿಗಾಗಿ. ರಾತ್ರಿಯಿಡೀ ಕೂಗುವ ಮರಿಯನ್ನು ತೆರೆದ ಕೊಟ್ಟಿಗೆಯಲ್ಲಿ ಕಟ್ಟುವುದು ಅದನ್ನು ಕರೆದಂತೆಯೇ.

ಇವತ್ತು ರಾತ್ರಿ ಹೀಗೆ ಮಾಡಿ. ಎತ್ತರದ ರಟ್ಟಿನ ಡಬ್ಬಕ್ಕೆ ಒಣಗಿದ ಗೋಣಿ ಮಡಚಿ ಹಾಕಿ. ಮೇಲೆ ನೀವು ಉಟ್ಟು ಬಿಟ್ಟ ಹಳೆ ಸೀರೆ ಇಡಿ, ತೊಳೆಯಬೇಡಿ. ಡಬ್ಬವನ್ನು ನಿಮ್ಮ ಹಾಸಿಗೆಯ ಪಕ್ಕದಲ್ಲೇ ಇಡಿ. ಬಾಟಲಿಗೆ ಉಗುರು ಬೆಚ್ಚಗಿನ ನೀರು ತುಂಬಿ, ಟವೆಲ್ ಸುತ್ತಿ ಒಂದು ಮೂಲೆಗೆ ಇಟ್ಟರೆ ಮರಿ ಅದಕ್ಕೆ ಒರಗಿ ಮಲಗುತ್ತದೆ. ಅತ್ತರೆ ಎತ್ತಿಕೊಂಡು ಓಡಾಡುವುದು ಬೇಡ. ಕೈ ಇಳಿಬಿಟ್ಟು ಮೈ ಮೇಲಿಡಿ, ಸಾಕು. ಕುಮಟಾದಿಂದ ಯಾರಾದರೂ ಬರುವವರಿದ್ದರೆ ತಾಯಿ ನಾಯಿ ಮಲಗಿದ ಬಟ್ಟೆಯ ತುಂಡೊಂದನ್ನು ತರಿಸಿ. ಅದರ ವಾಸನೆ ಮರಿಗೆ ತುಂಬ ಸಮಾಧಾನ. ಒಂದು ವಾರ ನೆಮ್ಮದಿಯಾಗಿ ಮಲಗಿದ ಮೇಲೆ ಡಬ್ಬವನ್ನು ದಿನಕ್ಕೆ ಒಂದೆರಡು ಅಡಿ ಸರಿಸುತ್ತಾ ಜಗಲಿಯ ಕಡೆ ಒಯ್ಯಿರಿ.

ಎರಡು ತಿಂಗಳ ಮರಿಗೆ ಉಚ್ಚೆ ತಡೆಯಲು ಆಗುವುದು ಹೆಚ್ಚೆಂದರೆ ಎರಡು ಮೂರು ಗಂಟೆ. ಎದ್ದ ಕೂಡಲೇ, ಉಂಡ ಮೇಲೆ, ಆಡಿದ ಮೇಲೆ ಅಂಗಳದ ಅದೇ ಮೂಲೆಗೆ ಕರೆದುಕೊಂಡು ಹೋಗಿ. ಮುಗಿಸಿದ ಕ್ಷಣದಲ್ಲೇ ಹೊಗಳಿ. ರಾತ್ರಿಯೂ ಒಮ್ಮೆ ಏಳಲೇಬೇಕು. ಆಗ ಮಾತು, ಆಟ ಏನೂ ಬೇಡ. ಜಗಲಿಯಲ್ಲಿ ಮಾಡಿದರೆ ಮೂತಿ ಉಜ್ಜುವುದು, ಹೊಡೆಯುವುದು ದಯವಿಟ್ಟು ಬೇಡ. ಅದಕ್ಕೆ ಯಾಕೆ ಅಂತಲೇ ತಿಳಿಯುವುದಿಲ್ಲ. ನೆಲಕ್ಕೆ ಸೋಪಿನ ನೀರು ಹಾಕಿ, ಆಮೇಲೆ ವಿನೆಗರ್ ಬೆರೆಸಿದ ನೀರಲ್ಲಿ ಒರೆಸಿ. ಫಿನೈಲ್ ಬೇಡ, ಮರಿ ನೆಲ ನೆಕ್ಕುತ್ತದೆ.

ಮಕ್ಕಳಿಗೆ ಒಂದೇ ನಿಯಮ: ಮಲಗಿದ ಮರಿಯನ್ನು ಎತ್ತಬಾರದು. ಈ ವಯಸ್ಸಿನ ಮರಿಗೆ ದಿನಕ್ಕೆ 18 ಗಂಟೆಯಾದರೂ ನಿದ್ದೆ ಬೇಕು. ನಿದ್ದೆಗೆಟ್ಟ ಮರಿಯೇ ಜಾಸ್ತಿ ಕಚ್ಚುವುದು. ಹಲ್ಲು ತಾಗಿ ಗಾಯವಾದರೆ ಸೋಪು ಹಚ್ಚಿ, ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. ಮನೆಯ ಮರಿ ಅಂತ ಸುಮ್ಮನೆ ಬಿಡಬೇಡಿ. ಮರಿಗಳಿಗೂ ಹುಚ್ಚುನಾಯಿ ರೋಗ ಬರುತ್ತದೆ.

ನೀವು ಕೇಳಿಲ್ಲ, ಆದರೂ ತೋಟದ ಮನೆ ಅಂದಿದ್ದಕ್ಕೆ ಹೇಳಲೇಬೇಕು. ಅಡಿಕೆ! ಮರಿ ಸಿಕ್ಕಿದ್ದೆಲ್ಲ ಜಗಿಯುತ್ತದೆ. ಹಿಂದೆ ನಾಯಿಗಳ ಲಾಡಿಹುಳು ಬೀಳಿಸಲು ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಅಂಶವನ್ನೇ ಔಷಧಿಯಾಗಿ ಕೊಡುತ್ತಿದ್ದರು. ಅದರಿಂದ ವಾಂತಿ, ಭೇದಿ ಜಾಸ್ತಿ ಆಗುತ್ತಿತ್ತು. ಒಳ್ಳೆಯ ಮಾತ್ರೆಗಳು ಬಂದ ಮೇಲೆ ಬಿಟ್ಟರು. ಪುಟ್ಟ ಮರಿಗೆ ಅದು ವಿಷವೇ. ಜೊಲ್ಲು ಸುರಿಸಿ, ವಾಂತಿ ಮಾಡಿ, ಮೈ ನಡುಗಿದರೆ ಕಾಯಬೇಡಿ, ವೈದ್ಯರಲ್ಲಿಗೆ ಒಯ್ಯಿರಿ. ಇಡೀ ಅಡಿಕೆ ಗಂಟಲಲ್ಲಿ ಸಿಕ್ಕಿಕೊಳ್ಳಲೂಬಹುದು. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಡ್ರಮ್ಮಿಗೆ ಮುಚ್ಚಳ ಇರಲಿ, ಮೈಲುತುತ್ತದ ಚೀಲ ಅಟ್ಟದ ಮೇಲಿರಲಿ. ದಿನಾ ಸಂಜೆ ಕಿವಿಯ ಒಳಗೆ, ಬೆರಳಿನ ಸಂದಿಯಲ್ಲಿ ಉಣುಗು, ಉಂಬಳ ನೋಡಿ. ಮಂಗನ ಕಾಯಿಲೆ ಹರಡುವುದು ಉಣುಗಿನಿಂದ. ನಾಯಿಯ ಮೈಮೇಲೆ ಕೂತು ಅದು ಮನೆಯೊಳಗೇ ಬರಬಹುದು. ಕೈಯಿಂದ ಹಿಸುಕಬೇಡಿ. ಚಿಮಟದಲ್ಲಿ ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ.

ಊಟಕ್ಕೆ ಅಕ್ಕ ಏನು ಕೊಡುತ್ತಿದ್ದರೋ ಒಂದು ವಾರ ಅದನ್ನೇ ಕೊಡಿ, ದಿನಕ್ಕೆ ನಾಲ್ಕು ಬಾರಿ. ಜಂತುಹುಳುವಿನ ಔಷಧಿ ಮತ್ತು ಮೊದಲ ಲಸಿಕೆಗೆ ಈ ವಾರವೇ ಹೋಗಿ.

ಪ್ರಶ್ನೆ: ಕಾರವಾರದಲ್ಲಿ ಎರಡನೇ ಮಹಡಿಯ ಮನೆ. ಮರಿಗೆ ಹತ್ತು ವಾರ, ಒಂದು ಲಸಿಕೆ ಆಗಿದೆ. ಟ್ಯಾಗೋರ್ ಕಡಲತೀರಕ್ಕೆ ವಾಕಿಂಗ್ ಕರೆದುಕೊಂಡು ಹೋಗಬಹುದಾ?

ಉತ್ತರ: ನೆಲಕ್ಕೆ ಬಿಡಬೇಡಿ, ಎತ್ತಿಕೊಂಡು ಹೋಗಿ. ಬೀದಿನಾಯಿಗಳು ಓಡಾಡುವ ಮರಳಿನಲ್ಲಿ, ಮರಿಗಳಿಗೆ ಜೀವ ತೆಗೆಯುವಂಥ ವಾಂತಿ-ಭೇದಿ ತರುವ ಪಾರ್ವೋ ವೈರಸ್ ತಿಂಗಳುಗಟ್ಟಲೆ ಉಳಿಯಬಲ್ಲದು. ಲಸಿಕೆಯನ್ನು ಮೂರು ನಾಲ್ಕು ವಾರಕ್ಕೊಮ್ಮೆ, ಮರಿಗೆ 16 ವಾರ ಆಗುವವರೆಗೆ ಹಾಕಿಸಬೇಕು. ರೇಬೀಸ್ ಲಸಿಕೆ ಮೂರು ತಿಂಗಳಿಗೆ. ಇಲಿಜ್ವರದ ಲಸಿಕೆಯನ್ನೂ ಕೇಳಿ ಹಾಕಿಸಿ, ನಮ್ಮ ಕರಾವಳಿಯ ಮಳೆಗೆ ಅದು ಬೇಕು. ಕೊನೆಯ ಲಸಿಕೆಯಾಗಿ ಎರಡು ವಾರ ಕಳೆದ ಮೇಲೆ ಆರಾಮಾಗಿ ನಡೆಸಿ.

ಹಾಗಂತ ಅಲ್ಲಿಯವರೆಗೆ ಬಾಗಿಲು ಹಾಕಿ ಕೂರಿಸಬೇಡಿ. ಮೂರರಿಂದ ಹದಿನಾಲ್ಕು ವಾರದೊಳಗೆ ನೋಡಿದ್ದು, ಕೇಳಿದ್ದು ಮರಿಗೆ ಜೀವಮಾನವಿಡೀ ಅಭ್ಯಾಸವಾಗಿ ಉಳಿಯುತ್ತದೆ. ಸಂಜೆ ಹೆಗಲ ಮೇಲೆ ಹಾಕಿಕೊಂಡು ಹೆದ್ದಾರಿಯ ಲಾರಿ, ಬೈತಖೋಲದ ಬೋಟುಗಳ ಸದ್ದು, ಕೊಡೆ ಹಿಡಿದ ಜನ ಎಲ್ಲವನ್ನೂ ದೂರದಿಂದ ತೋರಿಸಿ. ಹೆದರಿದರೆ ಹಿಂದೆ ಸರಿದು ನಿಲ್ಲಿ, ಬಲವಂತ ಬೇಡ. ಮುಂದೆ ದಡದಲ್ಲಿ ಬಿಡುವಾಗ ಕುಡಿಯುವ ನೀರು ಒಯ್ಯಿರಿ. ಉಪ್ಪುನೀರು ಕುಡಿದರೆ ಭೇದಿಯಾಗುತ್ತದೆ. ಬಲೆಯಿಂದ ಎಸೆದ ಮೀನಿಗೆ ಬಾಯಿ ಹಾಕಲು ಬಿಡಬೇಡಿ. ಚೆಂಡಿನಂತೆ ಉಬ್ಬುವ ಮೀನು ಒಂದಿದ್ದರೂ ಸಾಕು, ಅದರ ವಿಷ ನಾಯಿಯ ಜೀವ ತೆಗೆಯುತ್ತದೆ.